ಕರೆಗಂಟೆ ಗುರುತು

ಶೇಕಮ್ಮ ಕೇಳಿದ್ದು ಹೊಲಿಗಿ ಮಿಷಿನ್ನು.
ಅದನ್ನ ಇನ್ನಿಬ್ಬರು ಕೇಳಿದ್ರಂತ, ಚೀಟಿ ಎತ್ತಿದ್ರಂತ,
ಪಾಲಿಕಿ ಆಫೀಸಿನ ಮೆಟ್ಟಲ ಇಳಿದು ಬಂದಾಗ
ಕೈಯಾಗಿನ ಹಾಳಿ ಮ್ಯಾಲೆ ಒಂದು ಕರೆಗಂಟೆ.

ಕೌಲ್ ಬಜಾರಿನ ನಮ್ಮ ಓಣ್ಯಾಗ
ಕರೆಗಂಟೆ ಇದ್ದ ಮನಿ ಯಾವುದು ಹೇಳ್ರಿ?
ಪರದೆ ಸರಿಸಿ ‘ಏನ್ ಸಾರು ಮಾಡೀಯೇ’ ಅಂತ
ನೆಟ್ಟಗ ಒಲಿ ಮುಂದ ಹೋಗಿ ನಿಲ್ಲೋರು ನಾವು.
ನಗು ಬಂತು. ಆಮ್ಯಾಲೆ ಹೆದರಿಕಿ ಬಂತು:
ಗುರುತೇ ಇಲ್ಲದ ಗುರುತಿಗೆ ಯಾರು ಒತ್ತತಾರ?

ಗಾದಿಲಿಂಗನ ಮಗಳು ಸೀಮೆಸುಣ್ಣ ತಂದು
ಎಲ್ಲಾರ ಚೌಕಟ್ಟಿನ ಪಕ್ಕ ಒಂದೊಂದು ಗುಂಡಿ ಬರದ್ಲು.
ಹುಡುಗರು ಅದನ್ನ ಒತ್ತಿ, ಬಾಯಿಲೆ ಟಿಂಗ್‌ಟಾಂಗ್ ಅಂದು ಓಡಿದ್ರು.
ನಮ್ಮ ಪ್ರಚಾರ ಅಷ್ಟೆ.
ಅವರದು ಮೂರು ಆಟೋ, ಮೈಕು, ಗೋಣಿಚೀಲದ ತುಂಬ ಸೀರಿ.
ಸೀರಿ ನಾನೂ ತಗೊಂಡೆ. ಸುಳ್ಳು ಯಾಕ ಹೇಳಲಿ,
ಬದನಿಕಾಯಿ ಬಣ್ಣ, ಅಂಚು ಚಂದ ಐತಿ.

ಹೊನ್ನೂರಮ್ಮಜ್ಜಿಗೆ ಪಕ್ಷ ಅಂದ್ರ
ಮಾಳದ ಹದಿನೈದು ದಿನ,
ಸತ್ತವರಿಗೆ ಎಡಿ ಇಟ್ಟು ಕಾಗಿ ಕರಿಯೋದು.
‘ಪಕ್ಷೇತರ ಅಂದ್ರ ಏನವ್ವಾ?’
‘ಉಳಿದ ದಿನ, ಅಜ್ಜಿ’
ಅಂದ್ಲು ಶೇಕಮ್ಮ, ದಾರ ಹಲ್ಲಿಲೆ ಕಡಕೋಂತ,
‘ಬದುಕಿದವರ ದಿನ.’

ದೊಡ್ಡ ಮಾತಿನಾಕಿ ಏನಲ್ಲ ಆಕಿ. ಅದೊಂದೇ ಮಾತು, ಅದೂ ಹೆಂಗೋ ಬಂದದ್ದು.
ಪ್ಯಾಂಟಿನ ಜೇಬಿಗೆ ಉಳಿದ ದಾರ ಕತ್ತರಿಸೋದು, ಪೀಸಿನ ಲೆಕ್ಕ.
ಆದ್ರ ಹತ್ತು ದಿನದ ನೀರು ಹನ್ನೆರಡಕ್ಕ ಜಾರಿದಾಗ
ವಾಲ್ವು ತಿರುವಾವನ ಸೈಕಲ್ಲು ಯಾವ ಗ್ವಾಡಿಗೆ ಆನಿಸಿರತೈತಿ,
ಅವನ ಮಾವನ ಮನಿ ಎಲ್ಲಿ,
ಆಕಿಗೊಬ್ಬಾಕಿಗೇ ಗೊತ್ತು.
ಕಟಿಂಗ್ ಪುಸ್ತಕದ ಹಿಂದಿನ ಹಾಳಿಯಾಗ ಬರದಿಡ್ತಿದ್ಲು:
ತಾರೀಕು, ಟೈಮು, ಯಾರ ಮನಿಗೆ ಎಷ್ಟು ಕೊಡ.

ಮತಗಟ್ಟಿಯಾಗ ಮೇಷ್ಟ್ರು ನನ್ನ ಬೆರಳು ಹಿಡದು
‘ಆಗ್ಲೇ ಹಾಕಿ ಬಂದೀಯೇನಮ್ಮಾ?’ ಅಂದ್ರು.
ಇಲ್ಲ ಸಾರ್, ಇದು ಜೀನ್ಸಿನ ನೀಲಿ, ತೊಳದ್ರ ಹೋಗಂಗಿಲ್ಲ.
ನನ್ನ ಹಿಂದ ಪಾಳಿಯಾಗ
ಇನ್ನೂ ನಲವತ್ತು ಬೆರಳು ಹಂಗಾ ಇದ್ದವು.

ಗೆದ್ದದ್ದು ಮೂವತ್ತೇಳು ಓಟಿಗೆ.
ಅತ್ತ ಹತ್ತೊಂಬತ್ತು, ಇತ್ತ ಹತ್ತೊಂಬತ್ತು,
ನಡುವ ಶೇಕಮ್ಮ.
ಕತ್ತಲಾಗೋದರೊಳಗ ಓಣಿ ಮೂಲಿಗೆ ಏಸಿ ಬಸ್ಸು.
‘ನಾಕು ದಿನ ರೆಸಾರ್ಟು ಅಕ್ಕಾ, ಎದುರಿಗೇ ಸಮುದ್ರ,
ಬಂದ ಮ್ಯಾಲೆ ನೀವೇ ಉಪಮೇಯರು.’
ಸಮುದ್ರ ಅಂದಾಗ ಆಕಿ ಕಣ್ಣು ಬಸ್ಸಿನ ಕಿಟಕಿಗೆ ಹೋತು.
ನಾನು ನೋಡೀನಿ.
ಅಷ್ಟು ನೀರು ಒಂದೇ ಕಡೆ ಎಂದು ಕಂಡಾಳ ಪಾಪ.

ನಂಬಿದ್ವೇನು? ಇಲ್ಲ.
ಸರದಿ ಹಚ್ಚಿ ಆಕಿ ಕಟ್ಟಿ ಮ್ಯಾಲೆ ಕುಂತ್ವಿ,
ಪ್ಯಾಂಟಿನ ಗಂಟು ಬಿಚ್ಚಿ ದಾರ ಕತ್ತರಿಸಿಕೋಂತ.
ಪ್ರೀತಿಗಲ್ಲ, ಅನುಮಾನಕ್ಕ.
ಮೂರನೇ ರಾತ್ರಿ ಪರದೆ ಸರಿಸಿ ಆಕಿನೇ ಹೊರಗ ಬಂದ್ಲು,
‘ಸ್ವಲ್ಪ ಸರೀರೆ’ ಅಂತ
ಒಂದು ಪ್ಯಾಂಟು ತೊಡಿ ಮ್ಯಾಲೆ ಎಳಕೊಂಡು ನಡುವ ಕುಂತ್ಲು.
ಬಸ್ಸಿನ ಡ್ರೈವರು ಏಸಿ ಆರಿಸಿ
ಕೆಳಗಿಳಿದು ಬೀಡಿ ಹಚ್ಚಿದ.

ಈಗ ಆ ಬಾಗಲಿಗೆ ಖರೇನೇ ಕರೆಗಂಟೆ ಐತಿ.
ವೈರಿಂಗ್ ಮಾಡೋ ಬುಡೇನ್ ಸಾಬ್ ಹಚ್ಚಿಕೊಟ್ಟಾನ,
ಕರೆಂಟ್ ಇದ್ರ ಗುಬ್ಬಿ ಹಂಗ ಕೂಗತೈತಿ.
ಚರಂಡಿ ಕಟ್ಟಿದ್ರ ಒತ್ತತೀವಿ,
ಲೈಟು ಹೋದ್ರ ಒತ್ತಾಕ ಹೋಗಿ ನಾಲಿಗಿ ಕಚ್ಚಿಕೋತೀವಿ.
‘ಉಣ್ಣಾಕರ ಬಿಡ್ರೇ ನನ್ನ’ ಅಂತ ಒಳಗಿಂದ ಬೈತಾಳ.

ಇವತ್ತು ಹನ್ನೊಂದನೇ ದಿನ. ನಳ ಒಣಗೇ ಐತಿ.
ಅದೇ ಬದನಿಕಾಯಿ ಬಣ್ಣದ ಸೀರಿ ಉಟ್ಟು
ಹೊಂಟೀನಿ,
ಬೆರಳು ನೀಲಿ ಐತಿ.